ಎಫ್ ನೈನ್ ಒತ್ತಿದ ಮೇಲೆ

ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ನಶ್ಯದ ಚಟ. ನನಗಿರುವುದು ಕಂಪ್ಯೂಟರಿನ ಕಿಟಕಿಗಳನ್ನು ಮೌಸ್ ಮುಟ್ಟದೆ ಕುಣಿಸುವ ಚಟ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ, ಕೇಳಿಸಿಕೊಳ್ಳುವವರು ಸಿಗುವುದಿಲ್ಲ ಅಷ್ಟೆ. ವಸಂತನರಸಾಪುರದ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ನಟ್ಟು ಬೋಲ್ಟು ಎತ್ತಿಕೊಡುವ ನಾನು, ಮನೆಯ ಹಳೇ ಲ್ಯಾಪ್‌ಟಾಪಿಗೆ ಒಂದು ವಿಂಡೋ ಮ್ಯಾನೇಜರ್ ಹಾಕಿಕೊಂಡಿದ್ದೇನೆ. ಪರದೆಯ ಮೇಲೆ ಯಾವ ಕಿಟಕಿ ಎಲ್ಲಿ ನಿಲ್ಲಬೇಕೆಂದು ನೋಡಿಕೊಳ್ಳುವ ತಂತ್ರಾಂಶ ಅದು. ಹೇಗೆ ನೋಡಿಕೊಳ್ಳಬೇಕೆಂದು ನಾವೇ ಬರೆದು ಕೊಡಬಹುದು. ಅದರಲ್ಲಿ ಮೋಡ್ ಎಂಬುದೊಂದಿದೆ. ಕಬಡ್ಡಿ ಆಡಿದವರಿಗೆ ಇದು ಥಟ್ಟನೆ ತಿಳಿಯುತ್ತದೆ. ಉಸಿರು ಹಿಡಿದು ಗೆರೆ ದಾಟಿ ಬಂದವನು ಮುಟ್ಟಿದರೆ ನಾವು ಔಟ್. ಅವನೇ ಆಟ ಮುಗಿದ ಮೇಲೆ ಹೆಗಲು ಮುಟ್ಟಿದರೆ ಬರೀ ಸ್ನೇಹ. ಹಾಗೆಯೇ, ಒಂದು ಕೀಲಿ ಒತ್ತಿ ಮೋಡಿನೊಳಗೆ ಹೋದರೆ ಅಕ್ಷರಗಳೆಲ್ಲ ಅಪ್ಪಣೆಗಳಾಗುತ್ತವೆ, ಹೊರಗೆ ಬಂದರೆ ಮತ್ತೆ ಅಕ್ಷರಗಳೇ. ಇದು ಮೊದಲ ಸಲ ಕೆಲಸ ಮಾಡಿದ ದಿನ ನಾನು ಲುಂಗಿ ಎತ್ತಿ ಕಟ್ಟಿಕೊಂಡು ಹಾಲ್‌ನಲ್ಲಿ ಎರಡು ಸುತ್ತು ಹಾಕಿದ್ದೆ.

ನನ್ನ ಹೆಂಡತಿ ಶೋಭಾ ಹುಲಿಯೂರುದುರ್ಗದ ಶಾಲೆಯೊಂದರಲ್ಲಿ ಕನ್ನಡ ಟೀಚರಾಗಿದ್ದಳು. ತುಮಕೂರಿನಿಂದ ಕುಣಿಗಲ್‌ಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಆರು ವರ್ಷ ಹೀಗೆ ಕಂಬಿ ಹಿಡಿದು ನಿಂತೇ ಓಡಾಡಿದ್ದಳು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಶಾಲೆಯವರು, ಆನ್‌ಲೈನಿನಲ್ಲಿ ಒಂದು ಮಾದರಿ ಪಾಠ ಮಾಡಿ ತೋರಿಸಿ ಎಂದು ಕರೆದರು. “ರೀ, ಇದು ಸಿಗ್ಲೇಬೇಕು. ನನ್ನ ಸೊಂಟ ಇನ್ನು ತಡಿಯಲ್ಲ” ಎಂದಳು. ಕರುಳು ಚುರುಕ್ಕೆಂದಿತು. ನಿಜ ಹೇಳಬೇಕೆಂದರೆ, ಜೊತೆಗೆ ಕೈಯೂ ತುರಿಸಿತು. ಅವಳಿಗೆಂದೇ ಒಂದು ಪಾಠದ ಮೋಡ್ ಬರೆದೆ. ಎಫ್ ನೈನ್ ಒತ್ತಿದರೆ ಒಳಗೆ. ಅಲ್ಲಿ ಪಿ ಒತ್ತಿದರೆ ಪಾಠ ಪರದೆ ತುಂಬುತ್ತದೆ, ಎಂ ಒತ್ತಿದರೆ ಕೇಳುವವರ ಮುಖಗಳು ಪಕ್ಕಕ್ಕೆ ಬರುತ್ತವೆ, ಕ್ಯೂ ಒತ್ತಿದರೆ ಹೊರಗೆ. ಹೊರಬರಲು ಸಾಮಾನ್ಯವಾಗಿ ಎಸ್ಕೇಪ್ ಕೀಲಿ ಇಡುತ್ತಾರೆ. ನಮ್ಮದರಲ್ಲಿ ಅದು ಕಿತ್ತುಹೋಗಿ ವರ್ಷವಾಗಿತ್ತು. “ಮೌಸಲ್ಲೇ ಮಾಡ್ಕೋತೀನಿ ಬಿಡಿ” ಎಂದಳು. “ಮೌಸ್ ತಡಕ್ತಾ ಕೂತ್ರೆ ಅವ್ರು ಏನ್ ಅನ್ಕೋತಾರೆ? ಇದು ಸುಲಭ ಕಣೇ” ಎಂದು ನಾಲ್ಕು ಸಲ ಮಾಡಿ ತೋರಿಸಿದೆ. ನಾಲ್ಕು ಸಲವೂ ಕೀಬೋರ್ಡು ಇಂಗ್ಲಿಷಿನಲ್ಲಿತ್ತು.

ಶನಿವಾರ ಮಧ್ಯಾಹ್ನ ಪಾಠ ಶುರುವಾಯಿತು. ಪತ್ರ ಬರೆಯುವುದು ಹೇಗೆ ಎಂಬುದು ವಿಷಯ. ಪರದೆಯಲ್ಲಿ ಹೆಡ್‌ಮಿಸ್ಟ್ರೆಸ್ಸು ಮತ್ತು ಇನ್ನಿಬ್ಬರು. ನಾನು ಬಾಗಿಲ ಮರೆಯಲ್ಲಿ, ನನ್ನ ಮೋಡಿನ ಮೊದಲ ಪ್ರದರ್ಶನ ನೋಡಲು ತುದಿಗಾಲಲ್ಲಿ ನಿಂತಿದ್ದೆ. ಶೋಭಾ ಕನ್ನಡದಲ್ಲಿ ‘ಇವರಿಗೆ’ ಎಂದು ಟೈಪ್ ಮಾಡಿ, ಎಫ್ ನೈನ್ ಒತ್ತಿ, ಎಂ ಒತ್ತಿದಳು. ಏನೂ ಆಗಲಿಲ್ಲ. ಕ್ಯೂ ಒತ್ತಿದಳು. ಆಗಲೂ ಏನೂ ಇಲ್ಲ. ಆಗ ನನಗೆ ಹೊಳೆಯಿತು. ಎಫ್ ನೈನ್ ಎಲ್ಲ ಭಾಷೆಗೂ ಒಂದೇ, ಹಾಗಾಗಿ ಒಳಗೆ ಹೋಗಿಬಿಟ್ಟಿದ್ದಾಳೆ. ಕನ್ನಡ ಕೀಲಿಮಣೆಯಲ್ಲಿ ಕ್ಯೂ ಇರುವ ಜಾಗದಲ್ಲಿರುವುದು ಟ. ಕ್ಯೂ ಬಂದರೆ ಮಾತ್ರ ಬಾಗಿಲು ತೆಗೆಯಬೇಕೆಂದು ನಾನು ಬರೆದಿಟ್ಟಿದ್ದೆ, ಅವಳು ಟ, ಟ, ಟ ಎಂದು ಬಡಿಯುತ್ತಿದ್ದಾಳೆ. ಭಾಷೆ ಬದಲಿಸುವ ಕೀಲಿಯನ್ನೂ ಮೋಡೇ ನುಂಗಿಕೊಳ್ಳುತ್ತಿತ್ತು. ಕ್ಯಾಮೆರಾಕ್ಕೆ ಕಾಣದಂತೆ ಅಂಬೆಗಾಲಿಕ್ಕಿ ಮೇಜಿನ ಕೆಳಗೆ ಹೋದೆ. ಹೋಗಿ ಏನು ಮಾಡಬೇಕೆಂದುಕೊಂಡಿದ್ದೆನೋ ಇವತ್ತಿಗೂ ತಿಳಿಯದು. ತಲೆ ಮೇಜಿಗೆ ಬಡಿಯಿತು.

“ಮೇಡಂ, ಅಲ್ಲಿ ಯಾರೋ ಇದಾರೆ” ಎಂದರು ಹೆಡ್‌ಮಿಸ್ಟ್ರೆಸ್ಸು.

“ನಮ್ಮೆಜಮಾನ್ರು ಮೇಡಂ. ಕೀಬೋರ್ಡ್ ನಿಂತೋಗಿದೆ. ಇವ್ರನ್ನೇ ಸ್ಟೂಡೆಂಟ್ ಮಾಡ್ಕೊಂಡು ಪಾಠ ಮುಂದುವರಿಸ್ತೀನಿ” ಎಂದ ಶೋಭಾ ನನ್ನ ಕೈಗೆ ನೋಟ್‌ಬುಕ್ಕು ಕೊಟ್ಟಳು. “ಮಾಡಿದ ತಪ್ಪಿಗೆ ಕ್ಷಮೆ ಕೇಳಿ ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ. ಬರೀರಿ.”

ಬರೆಯಲು ಕುಳಿತವನಿಗೆ ಮತ್ತೆ ಹುರುಪು ಬಂತು. ಟ, ಕ್ಯೂ, ಎಫ್ ನೈನ್ ಎಲ್ಲವನ್ನೂ ವಿವರಿಸಿ ಎದ್ದು ನಿಂತು ಓದಿದೆ. “ಕಾರಣವೇ ಒಂದು ಪುಟ ಆಯ್ತು. ತಪ್ಪು ಎಲ್ಲಿ ಒಪ್ಕೊಂಡಿದೀರ?” ಎಂದಳು. “ಕೊನೇಲಿ ಬರುತ್ತೆ” ಎಂದೆ. “ಅದು ಮೊದ್ಲು ಬರ್ಬೇಕು. ಕಾರಣ ಎರಡು ಸಾಲು ಸಾಕು. ಇನ್ನೊಂದ್ಸಲ ಬರೀರಿ.” ಎರಡನೆಯದನ್ನೂ ಹಾಗೇ ತಿರುಗಿಸಿ ಕೊಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಮೇಜಿನ ಕೆಳಗೆ ಅವಳ ಬೆರಳುಗಳು ಸೆರಗಿನ ತುದಿ ಹಿಂಡುತ್ತಿದ್ದುದು ನನಗೆ ಕಾಣುತ್ತಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಮೂರನೆಯ ಸಲ ಬರೆದದ್ದು ನಿಜವಾಗಿಯೂ ಕ್ಷಮೆ ಕೇಳುವ ಪತ್ರವೇ ಆಗಿತ್ತು.

ಸೋಮವಾರ ಹೆಡ್‌ಮಿಸ್ಟ್ರೆಸ್ಸಿನ ಫೋನ್ ಬಂತು. “ಕಲಿಯೋಕೆ ಇಷ್ಟೊಂದು ಕಷ್ಟಪಡೋರನ್ನ ಅಷ್ಟು ತಾಳ್ಮೆಯಿಂದ ನಡೆಸಿದ್ರಲ್ಲ, ನಮ್ಗೆ ಅಂಥ ಟೀಚರೇ ಬೇಕು” ಎಂದರಂತೆ. ಶೋಭಾ ಕಣ್ಣೊರೆಸಿಕೊಂಡು ನಕ್ಕಳು, ನಾನು ಮತ್ತೆ ಲುಂಗಿ ಎತ್ತಿ ಕಟ್ಟಿದೆ. “ನನ್ನ ಮೋಡ್ ಇಲ್ದಿದ್ರೆ ಈ ಕೆಲಸ ಸಿಗ್ತಿತ್ತೇನೇ?” ಎಂದೆ. ಅವಳು ಆ ಮೂರನೆಯ ಪತ್ರಕ್ಕೆ ಹತ್ತಕ್ಕೆ ಏಳು ಹಾಕಿ ಶಾಲೆಗೆ ತೆಗೆದುಕೊಂಡು ಹೋದಳು. ಈಗ ಅದು ಏಳನೇ ತರಗತಿಯ ಗೋಡೆಯ ಮೇಲಿದೆ. ಮೊನ್ನೆ ಈ ಬರಹವನ್ನೂ ಓದಲು ಕೊಟ್ಟೆ. ಓದಿ, ಕೆಂಪು ಇಂಕಿನಲ್ಲಿ ನಾಲ್ಕು ಅಂಕ ಹಾಕಿ, ಕೆಳಗೆ ಬರೆದಿದ್ದಾಳೆ: “ಕಾರಣ ಇನ್ನೂ ಉದ್ದವಾಗಿದೆ.”