ನನ್ನ ಕೈಗುಣ ಮತ್ತು ವಡಾಲದ ಲ್ಯಾಬು

ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡೋರ ಬದುಕಿನಲ್ಲಿ ನಗೋ ಅಂಥದ್ದೇನು ನಡೆಯುತ್ತೆ ಅಂತ ನನ್ನ ಅತ್ತಿಗೆ ಕೇಳ್ತಾಳೆ. ನಡೆಯುತ್ತೆ ತಾಯಿ, ವಾರಕ್ಕೊಂದಾದರೂ ನಡೆಯುತ್ತೆ. ನಡೆಯುವಾಗ ಮಾತ್ರ ಯಾರಿಗೂ ನಗು ಬರೋದಿಲ್ಲ.

ನಾನು ಮೈಸೂರಿನವಳು. ಮದುವೆಯಾಗಿ ಮುಂಬಯಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಮನೆ ವಡಾಲದಲ್ಲಿ, ಆಫೀಸು ಗೋರೆಗಾಂವ್‌ನಲ್ಲಿ, ದಿನಾ ಏಳು ಐವತ್ತೆಂಟರ ಲೋಕಲ್ ರೈಲು. ರಕ್ತಪರೀಕ್ಷೆಯ ಲ್ಯಾಬುಗಳಿಗೆ ಸಾಫ್ಟ್‌ವೇರ್ ಮಾಡಿಕೊಡೋ ಹನ್ನೊಂದು ಜನರ ಕಂಪನಿ ನಮ್ಮದು. ಲ್ಯಾಬಿನ ಕಂಪ್ಯೂಟರು ನಮ್ಮ ಸರ್ವರ್ ಜೊತೆ ಗುಟ್ಟಾಗಿ ಮಾತಾಡೋ ಹಾಗೆ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯೋದು ನನ್ನ ಕೆಲಸ. ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಇನ್ನೇನು ಅನ್ನೋದು ದಾರಿಯಲ್ಲಿ ಇಣುಕಿದವನಿಗೆ ತಿಳೀಬಾರದು. ಅದಕ್ಕೇ ಮಾತು ಶುರುವಾಗೋ ಮುಂಚೆ ವಿಚಾರಣೆ: ನೀನ್ಯಾರು? ಸರ್ಟಿಫಿಕೇಟ್ ತೋರಿಸು. ಇದಕ್ಕೆ ಸಹಿ ಹಾಕಿದ್ದು ಯಾರು? ಯಾವಾಗಿನಿಂದ ಯಾವಾಗಿನವರೆಗೆ ನಡೆಯುತ್ತೆ? ಒಂದು ತಪ್ಪಿದರೂ ಬಾಗಿಲು ಹಾಕು.

ಈ ವಿಷಯದಲ್ಲಿ ನಾನು ಬಲು ಕಟ್ಟುನಿಟ್ಟು. ಎಲ್ಲದರಲ್ಲೂ ಅನ್ನಿ. ಲೋಕಲ್ ತಪ್ಪಬಾರದು ಅಂತ ಕೈಗಡಿಯಾರವನ್ನೂ ಹತ್ತು ನಿಮಿಷ ಮುಂದಿಟ್ಟುಕೊಂಡು ಓಡಾಡೋಳು ನಾನು.

ಸಹಿ ಹಾಕಿದ್ದು ಯಾರು?

ನಮ್ಮ ಬಾಸ್ ಉಡುಪಿಯ ಕಡೆಯವರು. ತಂದೆಗೆ ಮಾಟುಂಗಾದಲ್ಲಿ ಹೋಟೆಲಿತ್ತು. ಒಂದು ದಿನ ಹೊಸ ಗಿರಾಕಿ ಎದುರಿಗೇ ನಮ್ಮ ಪ್ರೋಗ್ರಾಮ್ ಕನೆಕ್ಟ್ ಆಗಲಿಲ್ಲ. ಆ ಕಡೆಯ ಸರ್ಟಿಫಿಕೇಟ್‌ಗೆ ಅವರೇ ಸಹಿ ಹಾಕಿಕೊಂಡಿದ್ದರು, ನಮ್ಮದು ಒಪ್ಪಲಿಲ್ಲ.

"ಎಂತ ಮೇಡಮ್ ಇದು? ಆ ಪರೀಕ್ಷೆ ಬೇಡ ಅಂತ ಒಂದು ಸಾಲು ಬರೆದ್ರೆ ಆಯ್ತಲ್ಲ. ಇಂಟರ್ನೆಟ್ಟಲ್ಲಿ ಎಲ್ಲ ಹಾಗೇ ಹೇಳಿದ್ದಾರೆ" ಅಂದರು.

"ನಿಮ್ಮ ತಂದೆ ಹೋಟೆಲಿನ ಹಿಂಬಾಗಿಲಿಗೆ ಯಾರೋ ಬಂದು, ನಾನು ಹಾಲಿನವನು ಅಂದರೆ, ಮುಖ ನೋಡದೆ ಕ್ಯಾನ್ ಇಳಿಸಿಕೊಳ್ತಿದ್ದರಾ?" ಅಂದೆ.

ಹೋಟೆಲಿನ ಮಾತು ಬಾಸ್‌ಗೆ ನೇರ ಎದೆಗೇ ಹೋಗುತ್ತೆ. "ಇಲ್ಲ ಮಾರಾಯ್ರೆ. ಅಪ್ಪ ಬಿಡ್ತಿರ್ಲಿಲ್ಲ" ಅಂದರು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮಾರನೇ ವಾರ ಎ.ಸಿ. ರಿಪೇರಿಯವನು ಬಂದ. ಬಾಸ್ ಬಾಗಿಲಲ್ಲೇ ತಡೆದು ಐಡಿ ಕಾರ್ಡ್ ಕೇಳಿದರು. ಪಾಪ, ತೋರಿಸಿದ.

"ಇದಕ್ಕೆ ಸಹಿ ಹಾಕಿದ್ದು ಯಾರು?"

"ನಾನೇ ಸರ್. ಕಂಪನಿ ನನ್ನದೇ."

ಬಾಸ್ ನನ್ನ ಕಡೆ ತಿರುಗಿದರು. "ಮೇಡಮ್, ಇಂಥವರಿಗೆ ನಿಮ್ಮ ಪೈಥಾನಿನಲ್ಲಿ ಎಂತ ಮಾಡುದು?"

"ವಾಪಸ್ ಕಳಿಸ್ತೀವಿ" ಅಂದುಬಿಟ್ಟೆ. ಬಾಯಿ ಸುಮ್ಮನಿರಬಾರದಾ!

ಕಳಿಸಿಬಿಟ್ಟರು. ಆ ಮೇ ತಿಂಗಳ ಮಧ್ಯಾಹ್ನ ಹನ್ನೊಂದು ಜನ ಬೆವರು ಒರೆಸಿಕೊಳ್ಳುತ್ತ ಕೂತೆವು. ಪೂರ್ತಿ ಸುರಕ್ಷಿತವಾಗಿ.

ಲಾಕರಿನ ಕೀ

ಪವಾಯಿಯ ಒಂದು ಲ್ಯಾಬಿನಲ್ಲಿ ವಯಸ್ಸಾದ ಮ್ಯಾನೇಜರ್ ಇದ್ದರು, ಬಲು ಶಿಸ್ತಿನ ಮನುಷ್ಯ. ಅವರ ಕಂಪ್ಯೂಟರಿಗೆ ಪ್ರೈವೇಟ್ ಕೀ ಹಾಕಿಕೊಟ್ಟು, "ಸರ್, ಇದು ಇಲ್ಲದೆ ಕನೆಕ್ಷನ್ ಇಲ್ಲ. ಯಾರಿಗೂ ತೋರಿಸಬೇಡಿ, ಜೋಪಾನ" ಅಂತ ಹೇಳಿ ಬಂದಿದ್ದೆ. ಕೀ ಅಂದರೆ ತಲೆಬುಡ ಇಲ್ಲದ ಅಕ್ಷರಗಳ ಒಂದು ಫೈಲು, ಅಷ್ಟೇ.

ಶನಿವಾರ ಕನೆಕ್ಷನ್ ಸತ್ತುಹೋಯಿತು. ಫೋನ್ ಮಾಡಿ ಕೀ ಫೈಲ್ ಎಲ್ಲಿದೆ ಅಂತ ಕೇಳಿದೆ.

"ಜೋಪಾನವಾಗಿದೆ. ಪ್ರಿಂಟ್ ತೆಗೆದು, ಲ್ಯಾಮಿನೇಟ್ ಮಾಡಿಸಿ, ಬ್ಯಾಂಕ್ ಲಾಕರಿನಲ್ಲಿಟ್ಟಿದ್ದೇನೆ."

"ಕಂಪ್ಯೂಟರಿನಲ್ಲಿ ಇದ್ದದ್ದು?"

"ಡಿಲೀಟ್ ಮಾಡಿದೆ. ಯಾರಿಗೂ ತೋರಿಸಬೇಡಿ ಅಂದಿರಲ್ಲ!"

ಹೇಗೆ ಬೈಯೋದು ಹೇಳಿ? ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ ಒಬ್ಬರೇ ಒಬ್ಬ ಗಿರಾಕಿ ಅವರು. "ಪರವಾಗಿಲ್ಲ ಸರ್, ಹೊಸ ಕೀ ಮಾಡೋಕೆ ಎರಡು ನಿಮಿಷ ಸಾಕು" ಅಂತ ಸಮಾಧಾನ ಹೇಳಿದೆ.

ಆ ಕಡೆಯಿಂದ ನೊಂದ ದನಿ: "ಎರಡು ನಿಮಿಷದ ವಸ್ತುವಿಗೆ ನಾನು ಹೆಂಡತಿಯ ಒಡವೆ ಸರಿಸಿ ಜಾಗ ಮಾಡಿದೆನಲ್ಲ ಮೇಡಮ್!"

ಕೈಗುಣ

ವಡಾಲದಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಇನ್ನೊಂದು ಲ್ಯಾಬು. ಬೆಳಿಗ್ಗೆ ಏಳಕ್ಕೆ ತೆರೆಯುತ್ತೆ. ತೆರೆಯೋದು ವಿಜಾಪುರದ ಕಡೆಯ ಒಬ್ಬ ಟೆಕ್ನಿಶಿಯನ್ ಹೆಂಗಸು, ಮಾನಖುರ್ದ್‌ನಿಂದ ಬರ್ತಾಳೆ. ಯಾರಿಗೆ ಯಾವ ಪರೀಕ್ಷೆ ಅನ್ನೋ ಆ ದಿನದ ಪಟ್ಟಿ ನಮ್ಮ ಸರ್ವರ್‌ನಿಂದ ಬಂದ ಮೇಲೇ ರಕ್ತ ತೆಗೆಯೋದು. ಅಲ್ಲಿಯವರೆಗೆ ಖಾಲಿ ಹೊಟ್ಟೆಯ ಸಕ್ಕರೆ ಕಾಯಿಲೆಯವರು ಸಾಲಾಗಿ ಕೂತು ಆಕೆಯನ್ನೇ ನುಂಗೋ ಹಾಗೆ ನೋಡ್ತಿರ್ತಾರೆ.

ನಾನು ಆ ಕಂಪ್ಯೂಟರ್ ಕೂಡಿಸಿಕೊಟ್ಟ ಮಾರನೇ ದಿನವೇ ಫೋನು.

"ಅಕ್ಕಾರ, ಮೂರು ಸಲ ಎಂಟರ್ ಒತ್ತೀನ್ರೀ. ಕನೆಕ್ಟ್ ಆಗವಲ್ದು."

"ನಾಲ್ಕನೇ ಸಲ ಒತ್ತಬೇಡಮ್ಮ, ಸರ್ವರ್ ನಿನ್ನನ್ನು ಕಳ್ಳಿ ಅಂದುಕೊಳ್ಳುತ್ತೆ. ನಾನೇ ಬರ್ತೀನಿ."

ಹೇಗೂ ಸ್ಟೇಷನ್ ದಾರಿ. ಹೋಗಿ ಒಂದು ಸಲ ಒತ್ತಿದೆ. ಟಕ್ ಅಂತ ಕನೆಕ್ಟ್ ಆಯಿತು. ಮಾರನೇ ದಿನವೂ ಹಾಗೇ. ಅದರ ಮಾರನೇ ದಿನವೂ.

"ಏನ್ ಕೈಗುಣರೀ ಅಕ್ಕಾರ ನಿಮ್ದು!" ಅಂದಳು. ಕಾಯುತ್ತಿದ್ದ ಒಬ್ಬ ಅಜ್ಜಿ, ರಕ್ತವನ್ನೂ ನೀನೇ ತೆಗಿ ಮಗಳೇ, ನೋಯೋಲ್ಲ ಅಂತ ತೋಳು ಚಾಚಿದರು.

ಸುಳ್ಳು ಯಾಕೆ ಹೇಳಲಿ, ನನಗೆ ಹಿತವಾಯಿತು. ಆಫೀಸಿನಲ್ಲಿ ನಾನೇ ಹೇಳಿಕೊಂಡೆ. ಹೊಸ ಲ್ಯಾಬು ಸಿಕ್ಕಾಗೆಲ್ಲ ಬಾಸ್ ನನ್ನನ್ನು ಟ್ಯಾಕ್ಸಿಯಲ್ಲಿ ಕರೆದೊಯ್ದು, "ಮೊದಲ ಎಂಟರ್ ಮೇಡಮ್‌ದೇ ಆಗಬೇಕು" ಅನ್ನತೊಡಗಿದರು. ನಾನೂ ಹೊಸ ಸೀರೆ ಉಟ್ಟು ಹೋಗಿ ಒತ್ತಿ ಬರ್ತಿದ್ದೆ. ಪೈಥಾನ್ ಬರೆಯೋ ಹೆಂಗಸು, ನಾಚಿಕೆಯಾಗಬೇಕಿತ್ತು.

ಆಕೆ ಒಮ್ಮೆ ಹೇಳಿದ್ದುಂಟು, "ಅಕ್ಕಾರ, ಈ ಕಂಪ್ಯೂಟರಿನ ಟೈಮೂ ನನ್ನ ಫೋನಿನ ಟೈಮೂ ಕೂಡವಲ್ದರೀ."

"ಆ ಕಂಪ್ಯೂಟರಿಗೆ ಟೈಮ್ ಇಟ್ಟಿದ್ದು ನಾನೇ ಕಣಮ್ಮ. ಫೋನ್ ರಿಪೇರಿ ಮಾಡಿಸು" ಅಂದಿದ್ದೆ.

ಹೀಗೇ ಎಂಟು ತಿಂಗಳು.

ನನ್ನ ಕೈಯಿಂದಲೇ

ಒಂದು ಸಂಜೆ ಆಕೆಯ ಫೋನು ಬಂತು.

"ಲ್ಯಾಬಿನ ಡಾಕ್ಟ್ರು ಒಂದನೇ ತಾರೀಖಿನಿಂದ ಬರಬ್ಯಾಡ ಅಂದ್ರೀ ಅಕ್ಕಾರ. ದಿನಾ ಇಪ್ಪತ್ತು ನಿಮಿಷ ತಡಾ ಮಾಡ್ತಿ, ಪಟ್ಟಿ ಮ್ಯಾಲ ಏಳು ಇಪ್ಪತ್ತು ಅಂತ ಬರದೈತಿ, ಕಂಪ್ಯೂಟರ್ ಸುಳ್ಳು ಹೇಳ್ತತೇನು ಅಂತಾರ. ನಾ ಖರೇನ ಏಳಕ್ಕ ಬಂದಿರ್ತೀನ್ರೀ. ಮಗಳ ಹನ್ನೆರಡನೇ ಕ್ಲಾಸು ಈ ವರ್ಷ. ಎಲ್ಲಿ ಹೋಗ್ಲಿ ನಾ?"

ಎಂಟು ತಿಂಗಳು ನಾನು ಹೊಗಳಿಸಿಕೊಂಡಿದ್ದೆ, ನಾನು ನಡೆದು ಬರೋವರೆಗಿನ ಹತ್ತು ನಿಮಿಷ ದಿನಾ ಆಕೆ ಒಬ್ಬಳೇ ಜನರ ಬೈಗುಳ ತಿಂದಿದ್ದಳು. ಕಾರಣ ಏನು ಅಂತ ಒಂದು ದಿನವಾದರೂ ನೋಡಿದೆನಾ? ಇಲ್ಲ. ಕೈಗುಣ ಇದ್ದವಳಿಗೆ ಕಾರಣ ಯಾಕೆ ಬೇಕು!

ಮಾರನೇ ಬೆಳಿಗ್ಗೆ ಆಕೆಗಿಂತ ಮುಂಚೆ ಹೋಗಿ ಲ್ಯಾಬಿನ ಬಾಗಿಲಲ್ಲಿ ನಿಂತೆ. ಸ್ಟೇಷನ್ ಕಡೆಯಿಂದ ಓಡುತ್ತಲೇ ಬಂದಳು. ನನ್ನ ಫೋನಿನಲ್ಲಿ ಏಳಾಗಿತ್ತು. ಕಂಪ್ಯೂಟರ್ ಹಾಕಿ ಮೂರು ಸಲ ಒತ್ತಿದಳು, ಆಗಲಿಲ್ಲ. ಅಭ್ಯಾಸದಂತೆ ಎದ್ದು ನನಗೆ ಕುರ್ಚಿ ಬಿಟ್ಟಳು. ನಾನು ಮುಟ್ಟಲಿಲ್ಲ. ಲ್ಯಾಪ್‌ಟಾಪ್ ತೆಗೆದು, ಸರ್ವರ್ ಯಾಕೆ ಬೇಡ ಅಂದಿತು ಅಂತ ಬರೆದಿಡೋ ಫೈಲನ್ನು ಮೊದಲ ಬಾರಿಗೆ ತೆರೆದೆ. ಎಂಟು ತಿಂಗಳಿಂದ ದಿನಾ ಒಂದೇ ಸಾಲು: ಈ ಸರ್ಟಿಫಿಕೇಟಿನ ಅವಧಿ ಇನ್ನೂ ಶುರುವಾಗಿಲ್ಲ.

ಲ್ಯಾಬಿನ ಕಂಪ್ಯೂಟರು ದಿನಾ ಶುರುವಾದೊಡನೆ, ನಾವು ಕೊಟ್ಟ ಕೀಯಿಂದಲೇ ಸಹಿ ಹಾಕಿ, ಆ ದಿನಕ್ಕೊಂದು ಹೊಸ ಸರ್ಟಿಫಿಕೇಟ್ ಮಾಡಿಕೊಳ್ಳೋ ಹಾಗೆ ನಾನೇ ಬರೆದಿದ್ದೆ. ಅದರ ಗಡಿಯಾರ ಆಗ ಏಳು ಹತ್ತು ತೋರಿಸುತ್ತಿತ್ತು. ಹಾಗಾಗಿ ಏಳು ಹತ್ತರಿಂದ ನಡೆಯುತ್ತೆ ಅಂತ ಸರ್ಟಿಫಿಕೇಟ್ ಮಾಡಿಕೊಂಡಿತ್ತು. ಸರ್ವರ್‌ನಲ್ಲಿ ಇನ್ನೂ ಏಳು, ಅದು ಬೇಡ ಅಂದಿತ್ತು. ನಿಜವಾದ ಏಳು ಹತ್ತಾದಾಗ, "ಈಗ ಒತ್ತು" ಅಂದೆ. ಆಕೆ ಒತ್ತಿದಳು. ಕನೆಕ್ಟ್ ಆಯಿತು. ಪಟ್ಟಿಯ ಮೇಲೆ ಏಳು ಇಪ್ಪತ್ತು ಅಂತ ಅಚ್ಚಾಯಿತು.

ಆ ಗಡಿಯಾರ ಹತ್ತು ನಿಮಿಷ ಮುಂದಿಟ್ಟವರು ಯಾರು? ನನ್ನ ಕೈ ನೋಡಿಕೊಂಡೆ. ಕಂಪ್ಯೂಟರ್ ಕೂಡಿಸಿದ ದಿನ ಲ್ಯಾಬಿಗೆ ಇಂಟರ್ನೆಟ್ ಬಂದಿರಲಿಲ್ಲ. ಲೋಕಲ್ ಹಿಡಿಯೋ ಅವಸರದಲ್ಲಿ ನನ್ನ ಕೈಗಡಿಯಾರ ನೋಡಿ ಟೈಮ್ ಹಾಕಿದ್ದೆ, ಹತ್ತು ಕಳೆಯೋದನ್ನು ಮರೆತಿದ್ದೆ. ಆಮೇಲೆ ಇಂಟರ್ನೆಟ್‌ನಲ್ಲಿ ಟೈಮ್ ಕೇಳಿಕೊಂಡು ತಾನಾಗಿ ಸರಿಹೋಗಲಿ ಅಂದರೆ, ನಮ್ಮ ಸರ್ವರ್ ಬಿಟ್ಟು ಬೇರೆಲ್ಲಿಗೂ ಹೋಗದಂತೆ ಎಲ್ಲ ಬಾಗಿಲು ನಾನೇ ಹಾಕಿದ್ದೆನಲ್ಲ, ಸುರಕ್ಷತೆ ಅಂತ! ಪಾಪದ ಯಂತ್ರ ಯಾರನ್ನು ಕೇಳಬೇಕು ಟೈಮು?

ಏಳೂವರೆಗೆ ಡಾಕ್ಟರು ಬಂದರು, ಮರಾಠಿಯವರು, ಸಿಡುಕು ಮುಖ. ರೋಗಿಗಳೆಲ್ಲ ಕೂತಿದ್ದರು. ಅವರೆದುರಿಗೇ ಪೂರ್ತಿ ಕಥೆ ಹೇಳಿದೆ.

"ಹಾಗಾದರೆ ಇವರು ದಿನಾ ಟೈಮಿಗೆ ಬರ್ತಿದ್ದರಾ?" ಅಂತ ಹಿಂದಿಯಲ್ಲಿ ಕೇಳಿದರು.

"ಟೈಮಿಗೇ ಬರ್ತಿದ್ದಳು ಡಾಕ್ಟರ್. ಮುಂದೆ ಹೋಗಿದ್ದು ನಾನು. ಕೆಲಸದಿಂದ ತೆಗೀಬೇಕು ಅಂದರೆ ನಮ್ಮ ಕಂಪನಿಯನ್ನು ತೆಗೀರಿ."

ಅವರು ಆಕೆಯ ಕಡೆ ತಿರುಗಿ, "ಮಾಫ್ ಕರಾ. ಒಂದನೇ ತಾರೀಖಿಗೂ ಬನ್ನಿ, ಎರಡಕ್ಕೂ ಬನ್ನಿ" ಅಂದರು. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೂ ಕಣ್ಣು ತುಂಬಿತು. ಆಗ ಆ ಅಜ್ಜಿ, "ಅಳೋದೆಲ್ಲ ಆಮೇಲೆ, ಮೊದಲು ನನ್ನ ರಕ್ತ ತೆಗೀರಿ, ಹಸಿವಾಗ್ತಿದೆ" ಅಂತ ಗದರಿದರು.

ಕಂಪ್ಯೂಟರಿನ ಟೈಮ್ ಸರಿಮಾಡಿದೆ, ಟೈಮ್ ಕೇಳೋಕೆ ಅಂತ ಒಂದು ಬಾಗಿಲೂ ತೆಗೆದೆ. ಹೊರಡುವಾಗ ಆಕೆ ಅಡ್ಡ ಬಂದಳು.

"ಕೈ ಕೊಡ್ರಿ ಅಕ್ಕಾರ ಇಲ್ಲೆ."

ಕೊಟ್ಟೆ. ಗಡಿಯಾರ ಬಿಚ್ಚಿ, ಹತ್ತು ನಿಮಿಷ ಹಿಂದೆ ತಿರುಗಿಸಿ, ತಾನೇ ಕಟ್ಟಿದಳು. "ಇನ್ನ ನೀವು ಯಾರ ಮಷೀನಿಗೂ ಕೈ ಹಚ್ಚಬಹುದ್ ನೋಡ್ರಿ" ಅಂದಳು. ಕಣ್ಣು ಇನ್ನೂ ಒದ್ದೆ, ಬಾಯಿ ತುಂಬ ನಗು.

ಹಗುರಾಗಿ ಹೊರಟೆ. ದಾರಿಯಲ್ಲಿ ಗಡಿಯಾರ ನೋಡಿಕೊಂಡೆ, ಏಳು ಐವತ್ತೈದು. ಅಭ್ಯಾಸದಂತೆ ಹತ್ತು ಕಳೆದು, ಇನ್ನೂ ಬೇಕಾದಷ್ಟು ಹೊತ್ತಿದೆ ಅಂತ ನಿಧಾನವಾಗಿ ಅರ್ಧ ಲೋಟದ ಒಂದು ಕಟಿಂಗ್ ಚಹಾ ಕುಡಿದೆ, ಸ್ಟೇಷನ್ ಮೆಟ್ಟಿಲು ಹತ್ತಿದೆ.

ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಲೋಕಲ್ ತಪ್ಪಿತು.