ಗೇಟಿನ ದೊರೆ ಗಾರೊವ್ ಅವರ ಸನ್ನಿಧಿಗೆ

ಮಾನ್ಯರೇ,

ಮೊದಲಿಗೆ ತಮ್ಮ ನಾಲ್ಕೂ ಪಾದಗಳಿಗೆ, ಅವು ನಮ್ಮ ಹೂವಿನ ಪಾತಿಯಲ್ಲಿ ಉಳಿಸಿರುವ ಗುರುತುಗಳಿಗೆ ನನ್ನ ನಮಸ್ಕಾರಗಳು. ತಮ್ಮ ಹಸಿವು ಮತ್ತು ಕೋರೆಹಲ್ಲುಗಳು ಸುಸ್ಥಿತಿಯಲ್ಲಿವೆ ಎಂಬುದು ನನ್ನ ಎಡಗಾಲಿನ ಚಪ್ಪಲಿಯನ್ನು ನೋಡಿದ ಯಾರಿಗಾದರೂ ತಿಳಿಯುವುದರಿಂದ ಕುಶಲ ಪ್ರಶ್ನೆಯನ್ನು ಇಲ್ಲಿಗೇ ಬಿಡುತ್ತೇನೆ. ನಗರಸಭೆಯಲ್ಲಿ ಊರಿನವರ ದೂರುಗಳಿಗೆಲ್ಲ ಮುದ್ರೆ ಒತ್ತಿ ನಿವೃತ್ತನಾದ ನಾನು ಸ್ವತಃ ಒಂದು ದೂರು ಬರೆಯುತ್ತಿರುವುದು ಇದೇ ಮೊದಲು, ಅದೂ ನನ್ನದೇ ಮನೆಯ ನಾಯಿಗೆ. ಇದು ಬಹಿರಂಗ ಪತ್ರವಾದ್ದರಿಂದ ಗೇಟಿಗೆ ಅಂಟಿಸಲಿದ್ದೇನೆ. ಹೊರಬದಿಗೆ ಹೋಗಲು ತಮ್ಮ ಅಪ್ಪಣೆ ಸಿಗದ ಕಾರಣ ಒಳಬದಿಗೇ ಅಂಟಿಸುವುದೆಂದು ತೀರ್ಮಾನಿಸಿದ್ದೇನೆ.

ತಮ್ಮನ್ನು ನಮ್ಮ ಮನೆಗೆ ಕರೆತಂದವನು ನನ್ನ ಹೆಂಡತಿ ಸ್ಟಾನಿಕಾಳ ತಮ್ಮ ವುಕೊಲ ಎಂಬುದನ್ನು ತಾವು ಮರೆತಿರಲಾರಿರಿ. ಬೆಟ್ಟದ ಮೇಲೆ ಕುರಿ ಸಾಕುವ ಆತ ಒಂದು ದಿನ ತಮ್ಮನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಬಂದು, "ಭಾವ, ಇವ್ನಿರೋವಾಗ ನಿಮ್ಮನೆಗೆ ಕಳ್ಳ ನುಗ್ಗಿದ್ರೆ ನನ್ನ ಮೀಸೆ ಬೋಳಿಸ್ಕೋತೀನಿ" ಎಂದ. ಮೀಸೆ ಇನ್ನೂ ಹಾಗೆಯೇ ಇದೆ. ಕಳ್ಳರಿರಲಿ, ಅಂಚೆಯವನು, ಮೀಟರ್ ಓದುವವನು, ಸಾಕ್ಷಾತ್ ನಮ್ಮ ಅತ್ತೆಯವರು ಕೂಡ ಗೇಟು ದಾಟಲಿಲ್ಲ. ಕೊನೆಯವರ ವಿಷಯದಲ್ಲಿ ತಮಗೆ ಪ್ರತ್ಯೇಕವಾಗಿ ಒಂದು ಮೂಳೆ ಸಲ್ಲಿಸಿದ್ದೇನೆ.

ಆದರೆ ಸ್ವಾಮಿ, ಸ್ಲಾವ ಹಬ್ಬದ ಮಾತೇ ಬೇರೆ. ಬೆಟ್ಟದಲ್ಲಿ ಹುಟ್ಟಿದ ತಮಗೆ ಇದನ್ನು ಯಾರೂ ಹೇಳಿಕೊಟ್ಟಿರಲಾರರು, ಆದ್ದರಿಂದ ನಾನೇ ಹೇಳುತ್ತೇನೆ. ನಮ್ಮ ಮನೆತನವನ್ನು ಕಾಯುವ ಸಂತ ಲೂಕನ ದಿನ ನಾವು ಯಾರನ್ನೂ ಕರೆಯುವುದಿಲ್ಲ, ಬಂದ ಯಾರನ್ನೂ ತಡೆಯುವುದೂ ಇಲ್ಲ. ಅಂದು ಖಾಲಿ ಉಳಿದ ಮನೆಗೆ ಬೀದಿಯಲ್ಲಿ ಮುಖವಿಲ್ಲ. ಹೋದ ವರ್ಷ ಆದದ್ದೇನು? ರೊಟ್ಟಿ ಕತ್ತರಿಸಿ ಹರಸಲು ಬಂದ ಪಾದ್ರಿ ಸ್ರೆತೆನ್ ಅವರು ನಿಲುವಂಗಿಯ ಅಂಚನ್ನು ತಮ್ಮ ಬಾಯಲ್ಲಿ ಬಿಟ್ಟು ಹಿಂದಿರುಗಿದರು. ನಮ್ಮ ಮದುವೆಗೆ ಸಾಕ್ಷಿ ನಿಂತು ಅಂದಿನಿಂದ ಒಡಹುಟ್ಟಿದವನಿಗಿಂತ ಹೆಚ್ಚಾಗಿರುವ ನಮ್ಮ ಕೂಮ್ ಬೊಗೊಲ್ಯುಬ್ ರಸ್ತೆಯಲ್ಲೇ ನಿಂತ, ಬೇಲಿಯ ಮೇಲಿಂದ ನಾನು ಸಲಿಕೆಯ ತುದಿಯಲ್ಲಿಟ್ಟು ಚಾಚಿದ ಹಣ್ಣಿನ ಮದ್ಯ ರಾಕಿಯಾ ಕುಡಿದ, ಸಲಿಕೆಗೆ ಮುತ್ತಿಟ್ಟು ಹೋದ. ಬಂದವರ ಬಾಯಿಗೆ ಮೊದಲು ಬೀಳಬೇಕಾದ ಗೋಧಿಯ ಸಿಹಿ ಬಟ್ಟಲಲ್ಲೇ ಒಣಗಿತು. ಸ್ಟಾನಿಕಾ ಅಡುಗೆಮನೆಯಲ್ಲಿ ಏಪ್ರನ್ನಿಗೆ ಮುಖ ಒತ್ತಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ನೋಡು ತಿಹೊಮಿರ್, ಬರೋ ವರ್ಷಾನೂ ಹೀಗೇ ಆದ್ರೆ ಮಾರನೇ ದಿನಾನೇ ವುಕೊಲ ವ್ಯಾನ್ ತರ್ತಾನೆ. ಗಾರೊವ್ ಬೆಟ್ಟಕ್ಕೆ ಹೋಗ್ಬೇಕು, ಇಲ್ಲಾ ನಾನು ಹೋಗ್ಬೇಕು" ಎಂದಳು. ತಾವಿಲ್ಲದ ಅಂಗಳವನ್ನು ನೆನೆದು ಅಂದು ನನಗೂ ಊಟ ಸೇರಲಿಲ್ಲ ಎಂಬುದನ್ನು ನಾಚಿಕೆ ಬಿಟ್ಟು ಇಲ್ಲಿ ದಾಖಲಿಸುತ್ತೇನೆ.

ಆಮೇಲೆ ನಾನು ಕೈಗೊಂಡ ಕ್ರಮಗಳಿಗೆ ತಾವು ನೀಡಿದ ಸಹಕಾರವನ್ನು ಹೇಗೆ ಹೊಗಳಲಿ? ಪ್ಲಮ್ ಮರಕ್ಕೆ ಸರಪಳಿ ಹಾಕಿ ಕಟ್ಟಿದರೆ ಮರವೇ ತಮ್ಮತ್ತ ಬಾಗಿತು. ಸೌದೆ ಕೊಟ್ಟಿಗೆಯಲ್ಲಿ ಕೂಡಿಹಾಕಿದರೆ ಬಾಗಿಲನ್ನು ಕೊರಳಿಗೆ ಹಾಕಿಕೊಂಡು ಹೊರಬಂದಿರಿ. ಬಾಯಿಗೆ ಕುಕ್ಕೆ ಹಾಕಿದರೆ, ಕಚ್ಚುವುದು ಅಸಭ್ಯವೆಂದು ಕೊನೆಗೂ ಒಪ್ಪಿ, ಜನರನ್ನು ಎದೆಯಿಂದ ಗುದ್ದಿ ಕೆಡವತೊಡಗಿದಿರಿ.

ಹೀಗಾಗಿ ನಾಯಿ ಪಳಗಿಸುವ ಕುಮಾರಿ ಯಾಗೋದಾ ಅವರನ್ನು ಕರೆಸಿದೆ. ಆಕೆ ತಮ್ಮನ್ನು ಒಮ್ಮೆ ನೋಡಿ, "ಇವನಿಗೆ ಕೋಪ ಇಲ್ಲ, ಭಯ. ಬರೋರೆಲ್ಲ ಕುರಿ ಕದಿಯೋರು ಅನ್ಕೊಂಡಿದಾನೆ. ಗೇಟಲ್ಲಿ ಯಾರೇ ಕಾಣಿಸ್ಲಿ, ದೂರದಿಂದ್ಲೇ ಉಗುರಿನಷ್ಟು ಮಾಂಸ ಎಸೀರಿ. ದಿನಾ ಒಂದೊಂದು ಹೆಜ್ಜೆ ಹತ್ತಿರ. ಅಷ್ಟೇ, ಅವಸರ ಬೇಡ" ಎಂದರು. ಬೀದಿಯವರೆಲ್ಲ ಅತಿಥಿಗಳ ಪಾತ್ರ ಮಾಡಲು ಒಪ್ಪಿದರು. ಆದರೆ ಉಗುರಿನಷ್ಟು ಮಾಂಸ ಕೊಟ್ಟು ಮಾನ ಕಳೆದುಕೊಳ್ಳುವವರು ನಮ್ಮ ಬೀದಿಯಲ್ಲಿ ಇಲ್ಲವಾದ್ದರಿಂದ ಒಬ್ಬೊಬ್ಬರೂ ಇಡೀ ಪಕ್ಕೆಲುಬನ್ನೇ ತಂದರು. ಸುಳ್ಳು ಅತಿಥಿಯಾದರೂ ಅತಿಥಿಯೇ ಅಲ್ಲವೇ, ಗೇಟಿನಿಂದಲೇ ವಾಪಸು ಕಳಿಸುವುದುಂಟೇ? ತಾವು ಅವರನ್ನು ಹತ್ತಿರ ಬಿಟ್ಟುಕೊಳ್ಳುವಷ್ಟಾದ ಮೇಲೆ ಒಳಗೆ ಕರೆದು, ಕಾಫಿ ಕೊಟ್ಟು, ರಾಕಿಯಾ ಹೊಯ್ದು, ತಮಗೆ ಮತ್ತೆ ಗಾಬರಿಯಾಗದಿರಲೆಂದು ಹಿತ್ತಲ ಬೇಲಿಯ ಕಿಂಡಿಯಿಂದ ಸದ್ದಿಲ್ಲದೆ ಸಾಗಹಾಕುತ್ತಿದ್ದೆವು. ಅಂದರೆ ತಮ್ಮ ಕಣ್ಣೆದುರು ಜನ ಬಂದರು, ಬಂದರು, ಬರುತ್ತಲೇ ಇದ್ದರು. ಹೋದದ್ದನ್ನು ಮಾತ್ರ ತಾವು ಒಮ್ಮೆಯೂ ಕಾಣಲಿಲ್ಲ. ಮೇಲಾಗಿ ಸ್ಲಾವಕ್ಕೆ ಹಿತ್ತಲು ಲಕ್ಷಣವಾಗಿರಲೆಂದು ಆ ಕಿಂಡಿಗೆ ಹಲಗೆ ಹೊಡೆದು ಮುಚ್ಚಿದ ಮಹಾನುಭಾವನೂ ನಾನೇ.

ನಿನ್ನೆ ಸ್ಲಾವದ ದಿನ ತಾವು ನಡೆದುಕೊಂಡ ರೀತಿಗೆ ನನ್ನ ಕಣ್ಣು ತುಂಬಿ ಬಂತು. ಪಾದ್ರಿಗಳು ಬಂದಾಗ ಬಾಲ ಆಡಿಸಿದಿರಿ. ಬೊಗೊಲ್ಯುಬನನ್ನು ಮೆಟ್ಟಿಲವರೆಗೆ ಬಿಟ್ಟು ಬಂದಿರಿ. ಮೇಣದಬತ್ತಿ ಉರಿಯಿತು, ಗೋಧಿಯ ಬಟ್ಟಲು ಬರಿದಾಯಿತು, ಸ್ಟಾನಿಕಾ ಹಾಡಿದಳು. ಆಮೇಲೆ ಬೊಗೊಲ್ಯುಬ್ ಕೋಟು ತೊಟ್ಟು, ಎಲ್ಲರನ್ನೂ ಅಪ್ಪಿ ಬೀಳ್ಕೊಂಡು ಗೇಟಿನತ್ತ ನಡೆದ. ತಾವು ಬೊಗಳಲಿಲ್ಲ, ಕಚ್ಚಲಿಲ್ಲ. ಕೋಟಿನ ಅಂಚನ್ನು ಮೆಲ್ಲಗೆ ಬಾಯಲ್ಲಿ ಹಿಡಿದು ಅವನನ್ನು ಮತ್ತೆ ಮೇಜಿನ ಬಳಿಗೇ ತಂದು ಕೂರಿಸಿದಿರಿ. "ಅಯ್ಯೋ ಕೂಮ, ಮದ್ವೆ ಆದ್ಮೇಲೆ ನನ್ನ ಹೆಂಡ್ತೀನೂ ಒಂದಿನ ಹೀಗೆ ಎಳ್ಕೊಂಡಿಲ್ವಲ್ಲೋ!" ಎಂದು ಅವನು ನಕ್ಕ. ಎರಡನೇ ಸಲ ಎಳೆದಾಗಲೂ ನಕ್ಕ. ಮೂರನೇ ಸಲ ಕೋಟು ಬಿಚ್ಚಿಟ್ಟು ತಟ್ಟೆ ಎಳೆದುಕೊಂಡ.

ಒಳಬಂದ ಕುರಿ ಹೊರಹೋಗಕೂಡದೆಂಬ ತಮ್ಮ ಕುಲದ ನಿಯಮಕ್ಕೆ ನಾನು ತಲೆಬಾಗುತ್ತೇನೆ. ಆದರೆ ಪಾದ್ರಿಗಳಿಗಾಗಿ ಬೇರೆ ಮನೆಗಳಲ್ಲಿ ರೊಟ್ಟಿಗಳು ಕಾದು ಕುಳಿತವು. ಅವರನ್ನು ಕರೆದೊಯ್ಯಲು ಬಂದವರೂ ಒಳಗುಳಿದರು, ಬಂದವರನ್ನು ಹುಡುಕಿಕೊಂಡು ಬಂದವರೂ ಒಳಗುಳಿದರು. ಬೆಳಗಾಗಿದೆ, ಕುರ್ಚಿಗಳು ಮುಗಿದಿವೆ, ಪಾದ್ರಿಗಳು ನನ್ನ ಪೈಜಾಮದಲ್ಲಿ ಪ್ರಾರ್ಥನೆ ಮಾಡುತ್ತಿದ್ದಾರೆ. ಇಲ್ಲಿ ನಡೆದದ್ದು ತಿಳಿಯದ ವುಕೊಲನೂ ಹೋದ ವರ್ಷದ ವಾಯಿದೆಯಂತೆ ವ್ಯಾನ್ ತಂದ. ತಾವು ಅವನನ್ನು ಸಕಲ ಮರ್ಯಾದೆಯಿಂದ ಒಳಗೆ ಬಿಟ್ಟುಕೊಂಡಿರಿ. ಈಗ ಅವನು ಎಲೆಕೋಸಿನಲ್ಲಿ ಸುತ್ತಿದ ಸಾರ್ಮವನ್ನು ಮೆಲ್ಲುತ್ತ, "ಇವ್ನನ್ನ ಕರ್ಕೊಂಡ್ ಹೋಗೋದಿರ್ಲಿ, ನಾನು ಹೋಗೋದ್ ಹೇಗೆ ಭಾವ?" ಎಂದು ಕೇಳುತ್ತಿದ್ದಾನೆ.

ಆದ್ದರಿಂದ ನನ್ನ ಬಿನ್ನಹ: ಪಾದ್ರಿಗಳಿಗೆ ದಯವಿಟ್ಟು ಅರ್ಧ ದಿನದ ರಜೆ ಮಂಜೂರು ಮಾಡಿ. ಉಳಿದವರಿಗೆ ತಮ್ಮ ಪಂಜದ ಮುದ್ರೆಯುಳ್ಳ ಬಿಡುಗಡೆ ಚೀಟಿ ಕೊಡಿ, ಶಾಯಿ ನನ್ನ ಬಳಿ ಬೇಕಾದಷ್ಟಿದೆ. ಅದೂ ಆಗದಿದ್ದರೆ ಮಂದೆಯ ಮೇವಿನ ಏರ್ಪಾಡನ್ನು ತಾವೇ ವಹಿಸಿಕೊಳ್ಳಿ.

ಇಂತಿ, ತಮ್ಮ ಮಂದೆಯ ಹಿರಿಯ ಕುರಿಯೂ
ತಮ್ಮ ವಿಶ್ವಾಸಿಯೂ ಆದ
ತಿಹೊಮಿರ್

ಮತ್ತೊಂದು ಮಾತು: ಪತ್ರ ಅಂಟಿಸಲೆಂದು ಈಗಷ್ಟೇ ಬಂದೆ. ಗೇಟು ಹಾರುಹೊಡೆದಿದೆ, ತಾವು ಕೊಟ್ಟಿಗೆಯ ಹಿಂದೆ ನಾಲ್ಕೂ ಕಾಲು ಮೇಲೆತ್ತಿ ಗೊರಕೆ ಹೊಡೆಯುತ್ತಿದ್ದೀರಿ. ಈ ಶುಭವಾರ್ತೆಯನ್ನು ಒಳಗೆ ಸಾರಲು ಬಾಯಿ ತೆರೆಯುವಷ್ಟರಲ್ಲಿ ಸ್ಟಾನಿಕಾ ಬಂದಳು. "ಶ್... ಎಬ್ಬಿಸ್ಬೇಡ. ಒಳಗೂ ಹೇಳ್ಬೇಡ. ಸಾರ್ಮ ಇನ್ನೂ ಅರ್ಧ ಪಾತ್ರೆ ಇದೆ" ಎಂದು ತಮ್ಮ ಮೂಗಿನ ಮುಂದೆ ಒಂದು ಪಕ್ಕೆಲುಬು ಇಟ್ಟು, ಗೇಟನ್ನು ಸದ್ದಾಗದಂತೆ ಮುಚ್ಚಿದಳು. ತಾವು ಕಣ್ಣು ಮಿಟುಕಿಸದೆ ಕಾವಲು ಕೂತಿದ್ದೀರೆಂದು ವುಕೊಲನಿಗೆ ಆಣೆ ಇಟ್ಟು ಹೇಳಿದ್ದೇನೆ. ಎದ್ದ ಮೇಲಾದರೂ ನನ್ನ ಮಾತು ಉಳಿಸಿ.