ಒಂದು ಬೆಳ್ಳಿ ನಕ್ಷತ್ರಕ್ಕೆ ಐದು ಕಂಚಿನವು

ಪದಕ ಮತ್ತು ರಿಬ್ಬನ್ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ತಮಗೆ ಸವಿನಯ ನಮಸ್ಕಾರಗಳು. ಈ ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಇರಲಿ. ಇದನ್ನು ಹಾಸ್ಟೆಲ್ ನೋಟಿಸ್ ಬೋರ್ಡಿಗೂ ಅಂಟಿಸುತ್ತಿರುವುದಕ್ಕೆ ಇನ್ನೊಂದು ಕ್ಷಮೆ. ರಜೆ ಅರ್ಜಿ ಬಿಟ್ಟು ಕನ್ನಡದಲ್ಲಿ ಬೇರೇನನ್ನೂ ಬರೆದು ಅಭ್ಯಾಸವಿಲ್ಲದ್ದರಿಂದ, ನಡುವೆ ಎಲ್ಲಾದರೂ 'ಜ್ವರ ಬಂದಿರುವ ಕಾರಣ' ಎಂದು ನುಸುಳಿದ್ದರೆ ದಯವಿಟ್ಟು ಹೊಡೆದುಹಾಕಿ ಓದಿಕೊಳ್ಳಿ.

ನನ್ನ ದೂರು ತಮ್ಮ ಬೆಳ್ಳಿ ನಕ್ಷತ್ರದ ಮೇಲೆ. ನನ್ನ ದೊಡ್ಡಮ್ಮ ಸೇನೆಯಲ್ಲಿ ನರ್ಸ್ ಆಗಿದ್ದವರು. ಗಡಿಯ ಆಸ್ಪತ್ರೆಯಲ್ಲಿ ಒಂದು ಸರದಿ ಮುಗಿಸಿದವರಿಗೆ ರಿಬ್ಬನ್, ಆಮೇಲಿನ ಪ್ರತಿ ಸರದಿಗೆ ಅದರ ಮೇಲೊಂದು ಕಂಚಿನ ನಕ್ಷತ್ರ, ಐದಾದ ಕೂಡಲೇ ಅವನ್ನೆಲ್ಲ ತೆಗೆದು ಒಂದೇ ಒಂದು ಬೆಳ್ಳಿಯದು ಎಂಬುದು ತಮ್ಮ ನಿಯಮ. ಹೀಗೆ ದೊಡ್ಡಮ್ಮನ ಆರು ಸರದಿಗಳನ್ನು ಅಂಗಿಯ ಗುಂಡಿಗಿಂತ ಚಿಕ್ಕ ಚೂರಿನಲ್ಲಿ ಅಡಕ ಮಾಡಿದ ತಮ್ಮ ಜಾಣ್ಮೆಗೆ ತಲೆಬಾಗುತ್ತೇನೆ. ನಾನಾದರೋ ಐದಡಿ ನಾಲ್ಕಿಂಚು ಇದ್ದೂ ಇದುವರೆಗೆ ಯಾವುದರ ಗುರುತೂ ಅಲ್ಲ.

ಕಣ್ಣಿನ ಆಪರೇಷನ್ ಆಗಿ ಎಲ್ಲವೂ ಮಂಜುಮಂಜಾಗಿ ಕಾಣುತ್ತಿದ್ದ ದೊಡ್ಡಮ್ಮ, ಹಳೆಯ ಸಹೋದ್ಯೋಗಿಗಳ ಕೂಟಕ್ಕೆ ಹಾಕ್ಕೋಬೇಕು, ಸ್ವಲ್ಪ ಒರೆಸಿಕೊಡೇ ಅಂತ ರಿಬ್ಬನ್ ಪಟ್ಟಿಯನ್ನು ನನ್ನ ಕೈಗಿಟ್ಟರು. ಒರೆಸು ಅಂದರೆ ಒರೆಸುವುದು ಎಂದು ತಿಳಿಯುವಷ್ಟು ಸರಳ ಬುದ್ಧಿ ನನ್ನದಲ್ಲ. ಹಾಸ್ಟೆಲ್ಲಿನ ವಾಷ್‌ಬೇಸಿನ್ ಮುಂದೆ ನಿಂತು, ಹಳೇ ಟೂತ್‌ಬ್ರಶ್ ಹಿಡಿದು, ಸೇನೆಯ ಮಾನ ಪೂರ್ತಿ ನನ್ನ ಮೇಲೇ ಬಿದ್ದಿರುವಂತೆ ಉಜ್ಜಿದೆ. ನಕ್ಷತ್ರ ಒಮ್ಮೆ ಮಿಂಚಿ ತೂತಿನೊಳಗೆ ಇಳಿದುಹೋಯಿತು. ಪ್ಲಂಬರ್ ಪೈಪ್ ಬಿಚ್ಚಿ, ಹನ್ನೆರಡು ಹೇರ್‌ಪಿನ್‌ಗಳನ್ನು ಸಾಲಾಗಿಟ್ಟು, ನಿಮ್ ಸ್ಟಾರ್ ಮಾತ್ರ ಊರು ಬಿಟ್ಟಿದೆ ಕಣಮ್ಮ ಅಂದ.

ಆಗಲಾದರೂ ಬಾಯಿಬಿಡಬಹುದಿತ್ತು. ಆದರೆ ನಾನು ಗಣಿತದ ಮೊದಲ ವರ್ಷದವಳು. ಮೊದಲ ಟೆಸ್ಟಿನಲ್ಲಿ ಐವತ್ತಕ್ಕೆ ಒಂಬತ್ತು ಬಂದಿದ್ದರೂ, ಸಮ ಚಿಹ್ನೆ ಎರಡೂ ಕಡೆಗೆ ನಡೆಯುತ್ತದೆ ಎಂಬ ಲಾಜಿಕ್ ಮಾತ್ರ ಗಟ್ಟಿಯಾಗಿತ್ತು. ಯೂನಿಫಾರ್ಮ್ ಹೊಲಿಯುವ ಟೈಲರ್ ಬಳಿ ಬೆಳ್ಳಿಯದು ಇರಲಿಲ್ಲ, ಕಂಚಿನವು ಡಬ್ಬಿ ತುಂಬ ಇದ್ದವು. ಐದು ತಂದು, ಒಂದಕ್ಕೊಂದು ಭುಜ ತಾಗುವಂತೆ ಚುಚ್ಚಿ, ದೊಡ್ಡಮ್ಮನಿಗೆ ಕೊಟ್ಟುಬಿಟ್ಟೆ.

ಐದು ಕಂಚನ್ನು ಒಟ್ಟಿಗೆ ಧರಿಸುವವರು ಯಾರೂ ಇಲ್ಲ, ಇದ್ದರೆ ನಕಲಿ ಎಂಬುದು ಕೂಟ ನಡೆದ ಹಾಲ್‌ನಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಒಬ್ಬ ನಿವೃತ್ತ ಆಂಬುಲೆನ್ಸ್ ಡ್ರೈವರ್, ಏನ್ ಸಿಸ್ಟರ್, ಚಿಲ್ಲರೆ ಮಾಡಿಸಿದ್ರಾ ಅಂತ ನಕ್ಕರು. ಕೂಟದ ಕಾರ್ಯದರ್ಶಿ ನಗಲಿಲ್ಲ. ದಾಖಲೆ ತೋರಿಸುವ ತನಕ ರಿಬ್ಬನ್ ಬಿಚ್ಚಿಡಿ, ಬರುವ ತಿಂಗಳು ಹದಿನೆಂಟಕ್ಕೆ ನಡೆಯುವ, ತೀರಿಕೊಂಡ ಸಹೋದ್ಯೋಗಿಗಳ ನೆನಪಿನ ನಡಿಗೆಯಲ್ಲೂ ಹಾಕಕೂಡದು ಅಂದರು. ದೊಡ್ಡಮ್ಮ ಬೆರಳಿನಿಂದ ಮುಟ್ಟಿ ಮುಟ್ಟಿ ಐದನ್ನೂ ಎಣಿಸಿದರು. ಆಮೇಲೆ, ನಾನೇ ಹಾಕ್ಕೊಂಡೆ, ವಯಸ್ಸಾಯ್ತಲ್ಲ, ಮರೆತೆ ಅಂದರು. ನಾನು ಪಕ್ಕದಲ್ಲೇ, ಅವರ ಸ್ವೆಟರ್ ಹಿಡಿದುಕೊಂಡು ನಿಂತಿದ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ, ಊಟ ಸರಿಯಾಗಿ ಮಾಡಿದ್ಯೇನೇ ಅಂತ ಮಾತ್ರ ಕೇಳಿದರು.

ಆದಕಾರಣ ತಾವು ಬೆಳ್ಳಿ ನಕ್ಷತ್ರವನ್ನು ಇನ್ನು ಮುಂದೆ ಊಟದ ತಟ್ಟೆಯಷ್ಟಾದರೂ ದೊಡ್ಡದಾಗಿ ಮಾಡಿಸಬೇಕು. ಅದಾಗದಿದ್ದರೆ ಐದು ಕಂಚಿಗೂ ಅದೇ ಅರ್ಥವೆಂದು ಹೋದ ತಿಂಗಳಿನಿಂದಲೇ ಜಾರಿಗೆ ಬರುವಂತೆ ಆದೇಶ ಹೊರಡಿಸಬೇಕು. ಹೆದರಿ ಸುಮ್ಮನೆ ನಿಂತವರಿಗೂ ಒಂದು ಚಿಹ್ನೆ, ಸೀಸದ್ದು, ಐದು ಕೂಡಿಸಿದರೂ ಏನೂ ಆಗದಂಥದ್ದು, ಇದ್ದಲ್ಲಿ ನನ್ನ ಪಾಲಿನದನ್ನು ಅಂಚೆಯಲ್ಲಿ ಕಳಿಸಬೇಕು. ಇದ್ಯಾವುದೂ ಆಗದು ಎಂದಾದರೆ, ದೊಡ್ಡಮ್ಮನ ದಾಖಲೆ ಈಗ ತಮ್ಮ ಬೀರುವಿನಲ್ಲಿ ಮಾತ್ರ ಇರುವುದರಿಂದ, ಬೆಳ್ಳಿ ನಕ್ಷತ್ರ ಅವರದೇ ಎಂದು ಆ ಕಾರ್ಯದರ್ಶಿಗೆ ಒಂದು ಸಾಲು ಬರೆಯಿರಿ. ಐದು ಚುಚ್ಚಿದವಳು ನಾನು. ಈ ಪತ್ರದ ಪ್ರತಿಯನ್ನು ಅವರಿಗೂ ಕಳಿಸಿದ್ದೇನೆ.

ತಮ್ಮ ವಿಶ್ವಾಸಿ,
ಗಣಿತ ವಿಭಾಗದ ಮೊದಲ ವರ್ಷದ ವಿದ್ಯಾರ್ಥಿನಿ

ಮರೆತಿದ್ದು: ಇದರ ಜೊತೆಗಿಟ್ಟಿರುವ ಬದಲಿ ಚಿಹ್ನೆಯ ಅರ್ಜಿಯಲ್ಲಿ, ಕಳೆದುಹೋದ ಕಾರಣಕ್ಕೆ ಯುದ್ಧ, ಬೆಂಕಿ, ನೆರೆ, ಕಳವು ಎಂದು ನಾಲ್ಕೇ ಚೌಕಗಳನ್ನು ಕೊಟ್ಟಿದ್ದೀರಿ. ಮನುಷ್ಯರಿಗೆ ಮನೆಮಂದಿಯೂ ಇರುತ್ತಾರೆಂಬುದು ತಮ್ಮ ಕಚೇರಿಗೆ ಹೊಳೆದಂತಿಲ್ಲ. 'ಸಹಾಯ' ಎಂಬ ಚೌಕವನ್ನು ನಾನೇ ಎಳೆದು ಟಿಕ್ ಮಾಡಿದ್ದೇನೆ. ಸಹಿಗೆಂದು ಮುಂದಿಟ್ಟಾಗ ದೊಡ್ಡಮ್ಮ, ಕಣ್ಣು ಕಾಣಲ್ಲ, ಗಟ್ಟಿಯಾಗಿ ಓದು ಅಂದರು. ಓದಿದೆ. ಕಾರಣದ ಸಾಲನ್ನು ಎರಡು ಸಲ ಓದಿಸಿ, ಆಮೇಲೆ ಸಹಿ ಹಾಕಿದರು. ಹದಿನೆಂಟಕ್ಕೆ ಇನ್ನು ಎಂಟೇ ದಿನ ಇದೆ. ದಯವಿಟ್ಟು ಬೇಗ ಉತ್ತರ ಬರೆಯಿರಿ.